ಜಾತ್ರೆ ಸಾಮಾನಿನ ಆಯುಷ್ಯ ಪ್ರಕರಣ

ಕನ್ನಡದ ಶಬ್ದಗಳನ್ನು ಕೇಶಿರಾಜ 13ನೇ ಶತಮಾನದಲ್ಲೇ ವಿಂಗಡಿಸಿ, ಸೂತ್ರ ಕಟ್ಟಿ, ಅಪವಾದಗಳನ್ನೂ ಹೇಳಿ ಮುಗಿಸಿದ. ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡ ಆಟದ ಸಾಮಾನಿಗೆ ಮಾತ್ರ ಇಂದಿನವರೆಗೂ ಒಬ್ಬ ಶಾಸ್ತ್ರಕಾರ ಹುಟ್ಟಲಿಲ್ಲ. ಮರದ್ದು, ಮಣ್ಣಿನದು, ತಗಡಿನದು, ಪ್ಲಾಸ್ಟಿಕ್ಕಿನದು ಎಂದು ಬೇರ್ಪಡಿಸುವವರಿದ್ದಾರೆ. ಅದು ಗುಜರಿಯವರ ಪದ್ಧತಿ, ವಿದ್ವಾಂಸರದ್ದಲ್ಲ. ಆಟಿಕೆಯ ಲಕ್ಷಣ ಇರುವುದು ಅದರ ಸಾವಿನಲ್ಲಿ. ಯಾವಾಗ ಹೋಯಿತು, ಯಾರ ಕೈಯಲ್ಲಿ ಹೋಯಿತು, ಹೋದ ಮೇಲೆ ಎಷ್ಟು ಹೊತ್ತು ಅತ್ತರು ಎಂಬಿಷ್ಟು ಗೊತ್ತಾದರೆ ಅದರ ಕುಲಗೋತ್ರವೆಲ್ಲ ಗೊತ್ತಾದಂತೆ.

ಮೊದಲನೆಯದು ಸದ್ಯೋನಾಶಿ ವರ್ಗ. ತೇರು ನಿಲ್ಲುವ ಮೊದಲೇ ತೀರಿಕೊಳ್ಳುವಂಥವು. ಬಲೂನು, ಸೋಪಿನ ಗುಳ್ಳೆಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಈ ವರ್ಗದ ರತ್ನವೆಂದರೆ ಬೊಂಬಾಯಿ ಮಿಠಾಯಿಯ ವಾಚು. ಉದ್ದನೆಯ ಕೋಲು, ತುದಿಯಲ್ಲಿ ಲಂಗ ತೊಟ್ಟ ಗೊಂಬೆ. ಮಾರುವವನು ಕೆಳಗಿನಿಂದ ದಾರ ಜಗ್ಗಿದರೆ ಗೊಂಬೆ ತಾಳ ತಟ್ಟುತ್ತದೆ. ಅದರ ಕೆಳಗೆ ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಸಕ್ಕರೆ ಪಾಕ. ಒಂದಿಷ್ಟು ಎಳೆದು, ತಿರುಚಿ, ಬೆರಳಲ್ಲೇ ಚಪ್ಪಟೆ ಮಾಡಿ ಮಣಿಕಟ್ಟಿಗೆ ಸುತ್ತಿದರೆ ವಾಚು ಸಿದ್ಧ. ಮಿಕ್ಕ ಚೂರು ಮಗುವಿನ ಕೆನ್ನೆಗೆ. ತಡ ಮಾಡಿದರೆ ಅದು ಅಂಗಿಯ ತೋಳಿನ ಪಾಲು, ಅವಸರ ಮಾಡಿದರೆ ಹೊಟ್ಟೆಯ ಪಾಲು. ಇದು ತಿಂಡಿ, ಆಟಿಕೆ ಹೇಗಾದೀತು ಎಂಬುದು ಪೂರ್ವಪಕ್ಷ. ದಾರಿಯಲ್ಲಿ ಸಿಕ್ಕ ನಾಲ್ಕು ಜನಕ್ಕೆ ಗಂಟೆ ಎಷ್ಟೆಂದು ಹೇಳದೆ ಅದನ್ನು ತಿಂದ ಮಗುವನ್ನು ಪೂರ್ವಪಕ್ಷದವರು ತೋರಿಸಲಿ, ಆಮೇಲೆ ಮಾತಾಡೋಣ.

ಎರಡನೆಯದು ಗೃಹಶಾಂತಿಭಂಜಕ ವರ್ಗ. ಪೀಪಿ, ಎಳೆದರೆ ಟಕಟಕ ಬಡಿಯುವ ಮಣ್ಣಿನ ಡೋಲಿನ ಗಾಡಿ, ತಗಡಿನ ಕಪ್ಪೆ ಇದರಲ್ಲಿ ಸೇರುತ್ತವೆ. ಇವುಗಳ ಆಯುಸ್ಸು ಒಂದು ರಾತ್ರಿ. ಜಿ.ಪಿ. ರಾಜರತ್ನಂ ಅವರ ಪದ್ಯದ ಕಸ್ತೂರಿಯ ತುತ್ತೂರಿ ನೀರಿಗೆ ಬಿದ್ದು ದನಿ ಕೆಡಿಸಿಕೊಂಡಿತು, ಅದು ಆಕಸ್ಮಿಕ. ಮನೆಗಳಲ್ಲಿ ಆಗುತ್ತಿದ್ದವು ಆಕಸ್ಮಿಕಗಳಲ್ಲ. ಬೆಳಿಗ್ಗೆ ಎದ್ದು ಕೇಳಿದರೆ, “ಇಲಿ ಎಳ್ಕೊಂಡು ಹೋಯ್ತು ಕಣೋ” ಎಂಬ ಉತ್ತರ ಅಡುಗೆಮನೆಯಿಂದ ಬರುತ್ತಿತ್ತು. ಆ ಇಲಿ ಅದನ್ನು ಅಟ್ಟದ ಮೇಲೆ ತಾಮ್ರದ ಹಂಡೆಯ ಹಿಂದೆ, ಬಟ್ಟೆಯಲ್ಲಿ ಸುತ್ತಿ, ಜೋಪಾನವಾಗಿ ಇಟ್ಟಿರುತ್ತಿತ್ತು.

ಕಪ್ಪೆಗೆ ಒಂದು ಉಪಪ್ರಕರಣವೇ ಬೇಕು. ಅದರ ಹೊಟ್ಟೆಯಲ್ಲಿರುವುದು ಚೂರು ಬಾಗಿದ ಉಕ್ಕಿನ ಪಟ್ಟಿ. ಒತ್ತಿದರೆ ಒಳಬಾಗಿ ಟಿಕ್, ಬಿಟ್ಟರೆ ಮರಳಿ ಟಕ್. 1944ರ ಜೂನ್‌ನಲ್ಲಿ ನಾರ್ಮಂಡಿಯ ಕತ್ತಲಲ್ಲಿ ಇಳಿದ ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್ನಿನ ಯೋಧರ ಜೇಬಿನಲ್ಲಿದ್ದದ್ದು ಇದೇ ತತ್ವದ ಹಿತ್ತಾಳೆ ಸಾಧನ: ಒಮ್ಮೆ ಟಿಕ್‌ಟಕ್ ಎಂದರೆ ಯಾರಲ್ಲಿ, ಎರಡು ಸಲ ಎಂದರೆ ನಿಮ್ಮವನೇ. ಅಲ್ಲಿ ಜೀವ ಉಳಿಸಿದ ಸದ್ದಿಗೆ ಇಲ್ಲಿ ಬೆನ್ನಿಗೆ ಗುದ್ದು ಬಿತ್ತು.

ಮೂರನೆಯದು ಜಿಜ್ಞಾಸಾಹತ ವರ್ಗ, ಎಂದರೆ ಒಳಗೇನಿದೆ ನೋಡೋಣ ಎಂಬ ಆಸೆಯಿಂದ ಸತ್ತವು. ಕೀ ಕೊಟ್ಟರೆ ಓಡುವ ಕಾರು, ಕಣ್ಣು ಮಿಟುಕಿಸುವ ಗೊಂಬೆ ಇತ್ಯಾದಿ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1817ರಲ್ಲಿ ಪೇಟೆಂಟ್ ಪಡೆದ ಕೆಲೈಡೋಸ್ಕೋಪು ನಮ್ಮಲ್ಲಿ ಹೆಚ್ಚಾಗಿ ಸತ್ತದ್ದು ಹೀಗೆಯೇ. ಬಿಚ್ಚಿದರೆ ಮೂರು ಕನ್ನಡಿ ಪಟ್ಟಿ, ನಾಲ್ಕು ಬಳೆಚೂರು. ಅಂಥ ಬಳೆಚೂರು ಹಿತ್ತಿಲಲ್ಲೇ ಬಿದ್ದಿರುತ್ತಿತ್ತು.

ಸತ್ತದ್ದರಿಂದಲೇ ಹುಟ್ಟುವವು ನಾಲ್ಕನೆಯ, ಪುನರ್ಜನ್ಮಿ ವರ್ಗ. ಇವಕ್ಕೆ ಜಾತ್ರೆಯೂ ಬೇಡ, ಕಾಸೂ ಬೇಡ. ಹರಿದ ಹವಾಯಿ ಚಪ್ಪಲಿಯಿಂದ ಗಾಡಿಯ ಚಕ್ರ, ಬೆಂಕಿಪೊಟ್ಟಣದಿಂದ ಟೆಲಿಫೋನು. ಸೋಡಾ ಮುಚ್ಚಳವನ್ನು ಕಲ್ಲಿನಲ್ಲಿ ಜಜ್ಜಿ, ಮೊಳೆಯಿಂದ ಎರಡು ತೂತು ಹೊಡೆದು, ದಾರ ಪೋಣಿಸಿ ಎಳೆದು ಬಿಟ್ಟರೆ ಗುಂಯ್ ಎನ್ನುವ ಗಿರಗಿಟ್ಲೆಯನ್ನು ಪಂಡಿತರು ಕಡೆಗಣಿಸಿದ್ದು ತಪ್ಪು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ 2017ರಲ್ಲಿ ಇದೇ ಉಪಾಯದಿಂದ ರಕ್ತಪರೀಕ್ಷೆಯ ಸೆಂಟ್ರಿಫ್ಯೂಜ್ ಮಾಡಿ ತೋರಿಸಿತು. ತೂಕ 2 ಗ್ರಾಂ, ವೇಗ ನಿಮಿಷಕ್ಕೆ 1,25,000 ಸುತ್ತು, ವಿದ್ಯುತ್ತಿನ ಹಂಗಿಲ್ಲ. ಪಾಠ ಬಿಟ್ಟು ಇದನ್ನೇನು ತಿರುಗಿಸ್ತೀಯ ಎಂದು ಕಿತ್ತುಕೊಂಡ ಮೇಷ್ಟ್ರುಗಳೆಲ್ಲ ಈ ವಾಕ್ಯವನ್ನು ಎರಡು ಸಲ ಓದಬೇಕು.

ಚಿರಂಜೀವಿ ವರ್ಗ ಐದನೆಯದು. ನವರಾತ್ರಿಯಲ್ಲಿ ಕೂರಿಸುವ ಪಟ್ಟದ ಗೊಂಬೆಗಳು, ಶೋಕೇಸಿನ ಗಾಜಿನ ಹಿಂದಿನ ಬೊಂಬೆಗಳು. ಮುಟ್ಟಿದರೆ ಪೆಟ್ಟು. ನನ್ನ ಮತದಲ್ಲಿ ಇವು ಆಟಿಕೆಗಳೇ ಅಲ್ಲ, ಪೀಠೋಪಕರಣ. ಚನ್ನಪಟ್ಟಣದ ಬುಗುರಿಯನ್ನು ಮಾತ್ರ ಈ ಸಾಲಿಗೆ ನೂಕಬಾರದು. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದರೆ ಹೊಳಪು. ಅದು ಆಡಿಸಿಕೊಂಡೂ ಬದುಕುತ್ತದೆ.

ಯಾವ ವರ್ಗಕ್ಕೂ ಒಗ್ಗದೆ ಶಾಸ್ತ್ರವನ್ನೇ ಅಲುಗಾಡಿಸುವುದು ತಗಡಿನ ಹಬೆ ದೋಣಿ. ಸದ್ದು ಮಾಡುತ್ತದೆ, ಆದರೆ ಅಮ್ಮನೂ ನಿಂತು ನೋಡುತ್ತಾಳೆ. ಬಿಚ್ಚಿದರೂ ಗುಟ್ಟು ಸಿಗದು, ಏಕೆಂದರೆ ಒಳಗೆ ಚಲಿಸುವ ಯಂತ್ರವೇ ಇಲ್ಲ: ಒಂದು ಚಪ್ಪಟೆ ಡಬ್ಬಿ, ಹಿಂದಕ್ಕೆ ಚಾಚಿದ ಎರಡು ಕೊಳವೆ, ಕೆಳಗೆ ಎಣ್ಣೆಬತ್ತಿ. ನೀರು ಹಬೆಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹಬೆ ತಣ್ಣಗಾದಾಗ ಹೊಸ ನೀರು ಒಳನುಗ್ಗುತ್ತದೆ. ಚಿಮ್ಮುವುದು ಒಂದೇ ದಿಕ್ಕಿಗೆ, ಒಳಬರುವುದು ಸುತ್ತೆಲ್ಲ ಕಡೆಯಿಂದ, ಹಾಗಾಗಿ ದೋಣಿ ಮುಂದಕ್ಕೇ ಹೋಗುತ್ತದೆ. ಡಬ್ಬಿಯ ತೆಳು ತಗಡು ಉಬ್ಬಿ ತಗ್ಗುವುದೇ ಪಟಪಟ ಸದ್ದು. ಇದಕ್ಕೆ 1891ರಲ್ಲಿ ತೋಮಾ ಪಿಯೋ ಎಂಬಾತ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದ. ನಮ್ಮಲ್ಲಿ ಇದರ ಸಮುದ್ರ ಬಚ್ಚಲ ತೊಟ್ಟಿ.

ನಿಮ್ಮ ಅಟ್ಟದ ಮೇಲೆ ಇಂಥದೊಂದು ಉಳಿದಿದ್ದರೆ ಮೊಮ್ಮಕ್ಕಳ ಎದುರು ಅವಸರಪಟ್ಟು ದೀಪ ಹಚ್ಚಬೇಡಿ. ಮೊದಲು ಕೊಳವೆಗಳಿಗೆ ನೀರು ತುಂಬಿಸಿ. ಖಾಲಿ ಡಬ್ಬಿಗೆ ಬೆಂಕಿ ತಾಗಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಅದನ್ನು ಹಾಕಿಕೊಡುವವರು ಈಗ ಸಿಗುವುದು ಕಷ್ಟ.