ರೋಲ್ ಹೊಡೆದು ಒಂದಕ್ಕ ಬರಬೇಕು

ಪಕ್ಕದ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದ ಕೇಳಿದರು: "ಅಣ್ಣಾರ, ನಮ್ಮ ಹುಡುಗ ಡ್ರಮ್ಸ್ ಕಲಿಯಾಕತ್ಯಾನ. ತಾಳ ಬರ್ತದಂತ, ರೋಲ್ ಮಾತ್ರ ಕೂಡವಲ್ದು ಅಂತಾನ. ಏನ್ ಮಾಡಾದು?"

"ಅವನ ಕೈದಾಗ ಏನೂ ಕಮ್ಮಿ ಇಲ್ರೀ ಅಕ್ಕಾರ. ಎಣಿಕಿ ಬಾಯಾಗ ಕೂಡಬೇಕು," ಅಂದೆ.

ಪಲ್ಲವಿ ಮುಗಿದು ಚರಣ ಹಿಡಿಯುವಲ್ಲಿ ಡ್ರಮ್ಮರ್ ಹಾಕುವ ಸುತ್ತನ್ನು ನಮ್ಮ ಆರ್ಕೆಸ್ಟ್ರಾದವರು ರೋಲ್ ಅಂತಾರೆ, ಪಾಠ ಹೇಳುವವರು ಫಿಲ್ ಅಂತಾರೆ. ಹಾಡು ಈಗ ತಿರುಗುತ್ತದೆ ಎಂದು ಎಲ್ಲರಿಗೂ ತಿಳಿಸುವುದೇ ಅದರ ಕೆಲಸ. ಮೊದಲ ಪಾಠ ಸರಳ. ಸ್ನೇರ್ ಮೇಲೆ ನಾಲ್ಕು ಏಟು, ಎರಡು ಟಾಮ್‌ಗಳ ಮೇಲೆ ನಾಲ್ಕು ನಾಲ್ಕು, ಫ್ಲೋರ್ ಟಾಮ್ ಮೇಲೆ ನಾಲ್ಕು, ಒಟ್ಟು 16. ಬಲಗೈ, ಎಡಗೈ ಸರದಿ ತಪ್ಪಬಾರದು. ಹದಿನೇಳನೆಯದೇ ಮುಂದಿನ ಆವರ್ತನದ ಒಂದು. ಅಲ್ಲಿ ಬಲಗೈ ಕ್ರ್ಯಾಶ್ ಮೇಲೆ, ಬಲಗಾಲು ಬೇಸ್ ಡ್ರಮ್ಮಿನ ಪೆಡಲ್ ಮೇಲೆ ಒಟ್ಟಿಗೆ ಬೀಳಬೇಕು.

ಕಲಿಯುವವರು ಎಡವುವುದು ಇಲ್ಲೇ. ಕೈ ಟಾಮ್‌ಗಳ ಕಡೆ ಹೊರಳಿದ ಕೂಡಲೇ ವೇಗ ಏರುತ್ತದೆ. ಒಂದು ಬರುವ ಮೊದಲೇ ಏಟುಗಳೆಲ್ಲ ಮುಗಿದಿರುತ್ತವೆ. ಅದಕ್ಕೇ ಮೆಟ್ರೊನೋಮನ್ನು 60ಕ್ಕೆ ಇಟ್ಟುಕೊಂಡು ಮೂರು ಆವರ್ತನ ಬರೀ ತಾಳ, ನಾಲ್ಕನೆಯದರಲ್ಲಿ ರೋಲ್ ಹೊಡೆಯಬೇಕು. ಕೈ ಎಲ್ಲೇ ಓಡಾಡಲಿ, ಎಡಗಾಲು ಹೈ-ಹ್ಯಾಟ್ ತುಳಿಯುತ್ತ ಎಣಿಕೆ ಕಾಯುತ್ತಿರಲಿ.

ಕೋಲು ಹಿಡಿಯುವ ಮೊದಲು ಬಾಯಿಂದ ಒಂದು ತಿಹಾಯಿ ಹೇಳಿಸಿರಿ: "ತ ದಿ ಗಿ ಣ ತೊಂ". ಐದಕ್ಷರ, ಒಂದಕ್ಷರ ಬಿಡುವು. ಮತ್ತೆ ಐದು, ಒಂದು ಬಿಡುವು. ಮತ್ತೆ ಐದು. ಲೆಕ್ಕ ಹಾಕಿದರೆ 17, ಕೊನೆಯ ತೊಂ ನೇರ ಸಮಕ್ಕೆ, ಅಂದರೆ ಮುಂದಿನ ಆವರ್ತನದ ಒಂದಕ್ಕೆ. ಮೊದಲ ತೊಂ ಸ್ನೇರಿಗೆ, ಎರಡನೆಯದು ಫ್ಲೋರ್ ಟಾಮಿಗೆ, ಮೂರನೆಯದು ಕ್ರ್ಯಾಶಿಗೆ ಕೊಟ್ಟರೆ ಅದೇ ಒಂದು ಚೆಂದದ ರೋಲ್. ನಡುವಿನ ಆ ಬಿಡುವುಗಳನ್ನು ಕಾಯುವವನಿಗೆ ಮಾತ್ರ ಇದು ಕೂಡುತ್ತದೆ.

ನಮ್ಮ ಭಾಗದ ಮಕ್ಕಳಿಗೆ ಇದು ಹೊಸತೇನಲ್ಲ. ಮಾನ್ವಿಯಲ್ಲಿ ಜಗನ್ನಾಥದಾಸರ ಪದ ಹಾಡುವ ಭಜನೆಯಲ್ಲಿ ಕೂತು ತಾಳ ಹಾಕಿದ ಹುಡುಗನಿಗೆ ಎಣಿಕೆ ಯಾರೂ ಹೇಳಿಕೊಡಬೇಕಿಲ್ಲ. ದೇವದುರ್ಗದ ಕಡೆ ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ನಿಂತು ನೋಡಿರಿ. ಬೆಂಕಿಗೆ ಕಾಸಿ ಬಿಗಿ ಮಾಡಿದ ಹಲಗೆ. ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ಸಣ್ಣ ಕಡ್ಡಿ. ಹಲಗೆಯ ಏಟು ತಿರುಗಿದರೆ ಕುಣಿಯುವವರ ಹೆಜ್ಜೆಯೂ ತಿರುಗುತ್ತದೆ. ಆ ತಿರುವು ತಪ್ಪಿದರೆ ಕುಣಿತವೇ ನಿಲ್ಲುತ್ತದೆ.

ಮದುವೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸೈಡ್ ಡ್ರಮ್ಮಿಗೆ ಒಬ್ಬ ಇರುತ್ತಾನಲ್ಲ, ಮೊದಲು ಎಲ್ಲ ಕಡೆ ಹಾಗೇ ಇತ್ತು. 1909ರಲ್ಲಿ ಅಮೆರಿಕದ ಲುಡ್ವಿಗ್ ಅಣ್ಣತಮ್ಮಂದಿರು ಒಳ್ಳೆಯ ಕಾಲುಪೆಡಲ್ ತಂದ ಮೇಲೆ ಒಬ್ಬನೇ ಕೂತು ಎಲ್ಲವನ್ನೂ ನುಡಿಸುವುದು ಸಲೀಸಾಯಿತು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಎಡಚ. ಬಲಗೈಯವರಿಗೆ ಜೋಡಿಸಿದ ಕಿಟ್ಟಿನಲ್ಲೇ ನುಡಿಸಿದ್ದರಿಂದ ಅವರ ರೋಲ್‌ಗಳ ದಾರಿಯೇ ಬೇರೆಯಾಯಿತು, ಅದೇ ಅವರ ಗುರುತಾಯಿತು. ನಮ್ಮ ಹುಡುಗರ ಗುರುತು ಹಲಗೆಯ ಏಟಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದುಬಾರಿ ಕಿಟ್ಟಿಗೆ ಅವಸರ ಬೇಡ. ಮೊದಲು ಒಂದು ಪ್ರಾಕ್ಟೀಸ್ ಪ್ಯಾಡು, ಒಂದು ಜೋಡಿ ಕೋಲು ಸಾಕು. ವಾರಕ್ಕೊಂದು ದಿನ ಹುಡುಗನನ್ನು ಹಲಗೆ ಕಲಾವಿದರೊಬ್ಬರ ಮುಂದೆ ಕೂಡಿಸಿರಿ. ಹಬ್ಬದ ದಿನ ಬಾರಿಸಿ ಹೋಗಲಿ ಎಂದಷ್ಟೇ ಅವರನ್ನು ಕರೆಯುತ್ತ ಬಂದಿದ್ದೇವೆ. ಇನ್ನು ಗುರುಗಳೆಂದು ಕರೆಯಿರಿ, ಗುರುಕಾಣಿಕೆ ಕೊಡಿರಿ.