ಚಕ್ರ ತಿರುಗ್ತಾ ಉಂಟು

ಸಿಯಾಟಲ್‌ನಿಂದ ಈಶಾನ್ಯಕ್ಕೆ, ಬಾತೆಲ್ ಊರಿನ ಉತ್ತರ ತುದಿಯಲ್ಲಿ, 405 ಹೆದ್ದಾರಿಗೆ ಅಂಟಿಕೊಂಡಂತೆ ಕ್ಯಾನ್ಯನ್ ಪಾರ್ಕ್ ಇದೆ. ಹೆಸರಿಗಷ್ಟೇ ಪಾರ್ಕು, ಇರುವುದು ಆಫೀಸು, ಲ್ಯಾಬು, ಕಾರು ನಿಲ್ಲಿಸುವ ಬಯಲು. ಹತ್ತಿರದಲ್ಲೇ ದೇವಸ್ಥಾನ ಇರುವುದರಿಂದ ನಮ್ಮವರೂ ಧಾರಾಳ. ಈ ಕಡೆಯ ಫೈಬರ್ ಜಾಲ ವೆರೈಝನ್ ಕೈಯಲ್ಲಿತ್ತು, 2010ರಲ್ಲಿ ಫ್ರಾಂಟಿಯರ್ ಪಾಲಾಯಿತು, 2020ರಲ್ಲಿ ಜಿಪ್ಲಿಯದಾಯಿತು. ಯಜಮಾನರು ಬದಲಾದರೇನಂತೆ, ಗಿಗಾಬಿಟ್ ವೇಗ ಮನೆಯ ಗೋಡೆಯವರೆಗೆ ಬಂದು ಕೂತಿದೆ. ಪುಟ ತೆರೆಯುವುದಕ್ಕೆ ಕಾಯುವುದು ಎಂದರೇನು ಎಂಬುದನ್ನು ಇಲ್ಲಿನವರು ಮರೆತು ಬಹಳ ಕಾಲವಾಯಿತು. ಲೋಕಕ್ಕೆಲ್ಲ ವೆಬ್‌ಸೈಟು ಕಟ್ಟಿಕೊಡುವವರಲ್ಲಿ ಇವರೂ ಇದ್ದಾರೆ ಎಂಬುದೇ ತೊಂದರೆ.

ಇಂಥ ಬಡಾವಣೆಯಲ್ಲಿ ಯುಗಾದಿ ಊಟಕ್ಕೆ ಯಾರು ಏನು ತರುತ್ತಾರೆ ಎಂಬ ಪಟ್ಟಿ ಬೇಕು ಅಂದುಕೊಳ್ಳಿ. ನಲವತ್ತು ಮನೆ. ಹೆಸರು, ಎದುರಿಗೆ ಕೋಸಂಬರಿಯೋ ಚಿತ್ರಾನ್ನವೋ. ಹಾಳೆಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಬಹುದಿತ್ತು. ಆದರೆ ಕೆಲಸ ಒಪ್ಪಿಕೊಂಡವರು ರಾಯರು (ಎಲ್ಲ ಬಡಾವಣೆಯಲ್ಲೂ ಒಬ್ಬರಿರುತ್ತಾರೆ, ಹೆಸರು ಬೇಡ). ರಾಯರಿಗೆ ಪಟ್ಟಿ ಬೇಕಿಲ್ಲ, ‘ಎಕ್ಸ್‌ಪೀರಿಯೆನ್ಸ್’ ಬೇಕು.

ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಆ ಎಕ್ಸ್‌ಪೀರಿಯೆನ್ಸ್ ಅನುಭವಿಸಿ. ಮೊದಲು ಒಂದು ಎಚ್‌ಟಿಎಂಎಲ್ ಬರುತ್ತದೆ. ಅದರಲ್ಲಿ ‘ರೂಟ್’ ಎಂಬ ಒಂದೇ ಒಂದು ಡಿವ್, ಅದೂ ಖಾಲಿ. ಹಿಂದೆಯೇ ರಿಯಾಕ್ಟ್, ಅದರ ಹಿಂದೆ ರೌಟರ್, ಯುಗಾದಿ ಯಾವತ್ತು ಎಂದು ಹೇಳಲು ಒಂದು ಡೇಟ್ ಲೈಬ್ರರಿ, ದಪ್ಪ ತೆಳ್ಳಗೆ ಅಂತ ನಾಲ್ಕು ಬಗೆಯ ಕನ್ನಡ ಫಾಂಟು, ಕುಕೀಗೆ ಒಪ್ಪಿಗೆ ಕೇಳುವ ಪೆಟ್ಟಿಗೆ, ಯಾರು ಎಷ್ಟು ಹೊತ್ತು ಕೋಸಂಬರಿಯ ಮೇಲೆ ಕಣ್ಣಿಟ್ಟರು ಎಂದು ಲೆಕ್ಕ ಬರೆಯುವ ಅನಲಿಟಿಕ್ಸು. ಹಿನ್ನೆಲೆಯಲ್ಲಿ ಜೋಗದ ವಿಡಿಯೊ. ಯುಗಾದಿಯ ಹೊತ್ತಿಗೆ ಶರಾವತಿ ಬಂಡೆಯ ಮೇಲೆ ಕಣ್ಣೀರಿನಷ್ಟು ಇಳಿಯುತ್ತಿರುತ್ತಾಳೆ. ರಾಯರ ಸೈಟಿನಲ್ಲಿ ಮಾತ್ರ ಧೋ ಎಂದು ಸುರಿಯುತ್ತಾಳೆ. ಎಲ್ಲರೂ ಬಂದಾದ ಮೇಲೆ, ಕಟ್ಟಕಡೆಗೆ, ಜೇಸನ್ ರೂಪದಲ್ಲಿ ಪಟ್ಟಿ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಮನೆಗೆ ಇಪ್ಪತ್ತೈದು ಸಂಕೇತ ಹಿಡಿದರೂ ನಲವತ್ತು ಮನೆಗೆ ಮೂರು ಕೆಬಿ. ಬೇಕಾಗಿದ್ದದ್ದು ಅಷ್ಟೇ. ಉಳಿದ ಎಂಬಿಗಟ್ಟಲೆ ಸರಂಜಾಮು ದಿಬ್ಬಣಕ್ಕೆ.

ಇದೇಕೆ ಎಂದರೆ ರಾಯರು ಹೇಳುವುದು ಕೇಳಿ: ಬ್ಯಾಂಡ್‌ವಿಡ್ತ್ ಉಳಿಸುವುದಕ್ಕೆ!

ನಗಬೇಡಿ, ಈ ಮಾತಿಗೆ ವಂಶಾವಳಿ ಇದೆ. ಕ್ಯಾನ್ಯನ್ ಪಾರ್ಕಿನಿಂದ ಕಾರಿನಲ್ಲಿ ಹೊರಟರೆ ಸಿಗುವ ರೆಡ್‌ಮಂಡ್‌ನಲ್ಲೇ ಅದರ ತವರುಮನೆ. ಮೈಕ್ರೋಸಾಫ್ಟಿನ ಔಟ್‌ಲುಕ್ ವೆಬ್ ಆ್ಯಕ್ಸೆಸ್ ತಂಡದವರಿಗೆ, ಒಂದು ಇಮೇಲ್ ಬಂತೆಂದು ಇಡೀ ಪುಟವನ್ನು ಮತ್ತೆ ತರಿಸುವುದು ದಂಡ ಅನ್ನಿಸಿತು. ಹೊಸದಷ್ಟನ್ನೇ ತರಿಸುವ ಉಪಾಯ ಹುಡುಕಿದರು. ಅದು 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಹೊರಬಂತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಇದೇ ದಾರಿ ಹಿಡಿದವು, ಅದೇ ವರ್ಷ ಅದಕ್ಕೆ ಅಜಾಕ್ಸ್ ಎಂಬ ನಾಮಕರಣವೂ ಆಯಿತು. ಸುಳ್ಳೇಕೆ ಹೇಳಬೇಕು, ನಕ್ಷೆಯನ್ನು ಒಂದು ಇಂಚು ಸರಿಸಲು ಪುಟವನ್ನೇ ಹೊಸದಾಗಿ ತೆರೆಯಬೇಕಾಗಿದ್ದ ಕಾಲ ಕಂಡವರಿಗೆ ಅದು ವರವೇ. ಬೆಳಗ್ಗೆ ತೆರೆದು ಸಂಜೆಯವರೆಗೂ ಇಟ್ಟುಕೊಳ್ಳುವ ಇಮೇಲಿಗೂ ಲೆಕ್ಕ ಸರಿಹೋಗುತ್ತದೆ: ಮೊದಲು ಒಮ್ಮೆ ದೊಡ್ಡ ಗಂಟು, ಆಮೇಲೆ ದಿನವಿಡೀ ಚಿಲ್ಲರೆ.

ಕೋಸಂಬರಿಯನ್ನು ಯಾರೂ ದಿನವಿಡೀ ನೋಡುವುದಿಲ್ಲ. ಒಮ್ಮೆ ನೋಡಿ ಮುಚ್ಚುತ್ತಾರೆ. ಚಿಲ್ಲರೆ ಉಳಿಸುವ ಸರದಿ ಬರುವುದೇ ಇಲ್ಲ, ಗಂಟು ಮಾತ್ರ ಪೂರ್ತಿ ಬಿಚ್ಚಿಯಾಗಿರುತ್ತದೆ. ಮೇಲಾಗಿ, ಸಾದಾ ಎಚ್‌ಟಿಎಂಎಲ್ ಟೇಬಲ್ಲಿನಲ್ಲಿ ಮತ್ತೆ ಮತ್ತೆ ಬರುವ ಟ್ಯಾಗುಗಳನ್ನು ಜಿಜಿಪ್ ಹಿಂಡಿ ಚಿಕ್ಕದು ಮಾಡಿಯೇ ಕಳಿಸುತ್ತದೆ. ಉಳಿಸಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಬ್ರೌಸರು ಒಮ್ಮೆ ಇಳಿಸಿದ್ದನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದಲ್ಲ ಎನ್ನುತ್ತಾರೆ ರಾಯರು. ಇಟ್ಟುಕೊಳ್ಳುತ್ತದೆ. ರಾಯರು ಗುಂಡಿಯ ಬಣ್ಣ ಬದಲಿಸಿ ಹೊಸ ಬಿಲ್ಡ್ ಏರಿಸಿದೊಡನೆ ಫೈಲಿನ ಹೆಸರು ಬದಲಾಗಿ, ಇಟ್ಟುಕೊಂಡದ್ದು ಕಸವಾಗುತ್ತದೆ.

ಜಗತ್ತಿನ ಪುಟಗಳನ್ನು ತೂಗುತ್ತ ಬಂದಿರುವ ಎಚ್‌ಟಿಟಿಪಿ ಆರ್ಕೈವ್ ಪ್ರಕಾರ, ಎಲ್ಲ ಪುಟಗಳನ್ನೂ ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವುದು 2010ರ ಕೊನೆಯಲ್ಲಿ 470 ಕೆಬಿ ಆಸುಪಾಸಿನದಾಗಿತ್ತು. 2024ರಲ್ಲಿ ಅದು 2,650 ಕೆಬಿ. ಹಳೆಯ 56ಕೆ ಮೋಡೆಮ್ಮಿನಲ್ಲಿ ಇದನ್ನು ಇಳಿಸಲು ಆರು ನಿಮಿಷಕ್ಕೂ ಹೆಚ್ಚು ಬೇಕು. ನೀವೀಗ ಓದುತ್ತಿರುವ ಈ ಅಂಕಣದ ಅಕ್ಷರಗಳು ಅದೇ ಮೋಡೆಮ್ಮಿನಲ್ಲಿ ಮೂರು ಸೆಕೆಂಡಿನ ಆಚೀಚೆ ಬಂದುಬಿಡುತ್ತವೆ. ಹುರುಳಿದೆಯೋ ಇಲ್ಲವೋ ನೀವೇ ಹೇಳಿ, ತೂಕವಂತೂ ಇಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಬರೀ ಅಕ್ಷರ ತೋರಿಸುವ ಶೆಲ್ ಅಕೌಂಟು ಅಂತಿತ್ತು. ಚಿತ್ರವಿಲ್ಲ, ಬಣ್ಣವಿಲ್ಲ. ಹೋದ ಕೆಲಸ ಆಗುತ್ತಿತ್ತು.

ರಾಯರ ಊರು ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆ. 2021ರ ಮಳೆಗಾಲದಲ್ಲಿ ಮಗಳು ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುವಾಗ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಎಲ್ಲ ಕಡೆ ಓಡಾಡಿತಲ್ಲ, ಆ ಸೀಮೆ. ಆಗ ರಾಯರೂ ಅದನ್ನು ಹಂಚಿಕೊಂಡು, ಅಳುವ ಮುಖದ ಗುರುತು ಹಾಕಿ, ‘ವ್ಯವಸ್ಥೆ ಬದಲಾಗಬೇಕು’ ಎಂದು ಬರೆದಿದ್ದರು. ಈಗ ಯುಗಾದಿ ಸೈಟಿನ ಲಿಂಕನ್ನು ಅಮ್ಮನಿಗೆ ಕಳಿಸಿ, ರಾತ್ರಿ ಫೋನು ಮಾಡಿ ಕೇಳಿದರು: “ಅಮ್ಮಾ, ನೋಡಿದ್ಯಾ?”

“ಎಂತ ಮಗಾ ಅದು? ಒಂದು ಚಕ್ರ ತಿರುಗ್ತಾ ಉಂಟು. ಬೇರೆ ಎಂತದ್ದೂ ಕಾಣುದಿಲ್ಲ. ಫೋನು ಬಿಸಿ ಆಯ್ತು, ಹಾಗೆ ಇಟ್ಟುಬಿಟ್ಟೆ.”

“ನಿಮ್ಮಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಮ್ಮಾ” ಎಂದರು ರಾಯರು. ವ್ಯವಸ್ಥೆ ಎಂದರೆ ಸದಾ ಬೇರೆಯವರದು ತಾನೆ.

ಇದಕ್ಕೂ ಈಗ ಮದ್ದು ಬಂದಿದೆಯಂತೆ. ಫೋನಿನ ಮೇಲೆ ಹೊರೆ ಹಾಕದೆ ಪುಟವನ್ನು ಸರ್ವರಿನಲ್ಲೇ ಸಿದ್ಧಮಾಡಿ ಎಚ್‌ಟಿಎಂಎಲ್ ಆಗಿ ಕಳಿಸುವುದು. ಇದಕ್ಕೆ ಸರ್ವರ್ ಸೈಡ್ ರೆಂಡರಿಂಗ್ ಎನ್ನುತ್ತಾರೆ, ಸಮ್ಮೇಳನ ನಡೆಸುತ್ತಾರೆ, ವೇದಿಕೆಯಲ್ಲಿ ಚಪ್ಪಾಳೆ ತಟ್ಟುತ್ತಾರೆ. 1991ರಿಂದ ವೆಬ್ ಮಾಡುತ್ತ ಬಂದದ್ದು ಅದನ್ನೇ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವರಿಗೆ ಸಂಬಳವೂ ಉಂಟು, ಷೇರೂ ಉಂಟು. ಅತ್ತ, ನಿಧಾನ ಸಂಪರ್ಕದವರಿಗೆಂದು ಜಿಮೇಲ್ ಇಟ್ಟಿದ್ದ ಸಾದಾ ಎಚ್‌ಟಿಎಂಎಲ್ ನೋಟವನ್ನು 2024ರ ಆರಂಭದಲ್ಲಿ ಗೂಗಲ್ ಮುಚ್ಚಿತು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಕೊಡುವ ಕರ್‌ರಿಸಲ್ಟ್ಸ್ ಪುಟ ನೋಡಿದ್ದೀರಲ್ಲ? ಅಂದವಿಲ್ಲ, ಚೆಂದವಿಲ್ಲ. ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದರೆ ಒಂದು ಟೇಬಲ್ಲು, ಅಂಕ, ಮುಗಿಯಿತು. ಎಂಟು ಲಕ್ಷ ಮಕ್ಕಳು ಒಂದೇ ದಿನ ಮುಗಿಬೀಳುವ ಕಡೆ ಸರ್ವರು ಏದುಸಿರು ಬಿಡುವುದುಂಟು, ಆದರೆ ಅಂಕ ತೋರಿಸುವ ಮೊದಲು ಜೋಗ ತೋರಿಸುವುದಿಲ್ಲ.

ರಾಯರೇ, ಒಂದು ವಿನಂತಿ. ದಿನವೂ ನಿಮ್ಮ ಕಣ್ಣೆದುರೇ ಇರುವ ಆ ನೆಟ್‌ವರ್ಕ್ ಟ್ಯಾಬಿನ ಮೇಲ್ತುದಿಯಲ್ಲಿ ವೇಗ ತಗ್ಗಿಸುವ ಒಂದು ಪಟ್ಟಿ ಇದೆ. ಅದರಲ್ಲಿ 3ಜಿ ಆರಿಸಿ, ಕ್ಯಾಶ್ ಅಳಿಸಿ, ನಿಮ್ಮದೇ ಸೈಟು ತೆರೆದು ಕೂತುಕೊಳ್ಳಿ. ಪಟ್ಟಿ ಬರುವ ಮೊದಲು ನೀವು ಎದ್ದುಹೋದರೆ, ಜೋಗದ ವಿಡಿಯೊ ಅಳಿಸಿ ಬನ್ನಿ.