ಕಂಬಜ್ಜನ ಜತೆ ಐದು ಸೆಟ್

ದೀಪಾವಳಿ ಕಳೆದು ಮೇ ಕೊನೆಗೆ ಪತ್ತನಾಜೆ ಬರುವ ತನಕ ಪುತ್ತೂರು, ಸುಳ್ಯ, ಕಡಬದ ಯಾವುದಾದರೊಂದು ಗದ್ದೆಯಲ್ಲಿ ಶನಿವಾರ ರಾತ್ರಿ ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ಆಟಗಾರರ ಫೋಟೋ ಪೇಪರಿನಲ್ಲಿ ಬರುತ್ತದೆ, ಉದ್ಘಾಟಕರ ಫೋಟೋ ಅದಕ್ಕಿಂತ ದೊಡ್ಡದಾಗಿ ಬರುತ್ತದೆ. ಆದರೆ ಪ್ರತಿ ಪಂದ್ಯವನ್ನೂ ಕೊನೆಯ ಪಾಯಿಂಟಿನವರೆಗೆ, ಅದೂ ನಿಂತುಕೊಂಡೇ ನೋಡಿದ ಅಭಿಮಾನಿಯನ್ನು ಈವರೆಗೆ ಯಾರೂ ಮಾತನಾಡಿಸಿದ್ದಿಲ್ಲ. ವಾಲಿಬಾಲ್ ನೆಟ್ ಕಟ್ಟುವ ಅಡಿಕೆ ಮರದ ಕಂಬ ಇವರು. ಹುಟ್ಟಿದ್ದು ಸಂಪಾಜೆ ಕಡೆಯ ತೋಟವೊಂದರಲ್ಲಿ, ಈಗಿನ ವಿಳಾಸ ಊರ ಅಂಕಣದ ಎಡಬದಿ. ತುಳು, ಅರೆಭಾಷೆ, ಹವ್ಯಕ, ಮಲಯಾಳ ಎಲ್ಲದರಲ್ಲೂ ಬೈಯಲು ಬರುವ ಕಂಬಜ್ಜ, ಓದುಗರ ಮರ್ಯಾದೆಗೆ ಕನ್ನಡದಲ್ಲಿ ಮಾತನಾಡಿದರು.

ಪ್ರಶ್ನೆ: ನಮಸ್ಕಾರ ಅಜ್ಜ. ಆರೋಗ್ಯ ಹೇಗುಂಟು?

ಕಂಬಜ್ಜ: ಕಾಣುವುದಿಲ್ಲವಾ? ಬುಡಕ್ಕೆ ಗೆದ್ದಲು, ತಲೆಗೆ ಫ್ಲೆಕ್ಸು. ಮೊನ್ನೆ ಯಾರೋ ಹೊಟ್ಟೆಗೆ ಮೊಳೆ ಹೊಡೆದು ಟ್ಯೂಬ್‌ಲೈಟ್ ಬೇರೆ ನೇತು ಹಾಕಿದ್ದಾರೆ. ತೋಟದಲ್ಲಿದ್ದಾಗ ಅರುವತ್ತು ಅಡಿ ಇದ್ದ ಜೀವ ಮಾರಾಯ್ರೆ! ಈಗ ನೆಲದ ಮೇಲೆ ಉಳಿದದ್ದು ಎರಡೂವರೆ ಮೀಟರು. ರೂಲು ಪುಸ್ತಕದ ಪ್ರಕಾರ ಕಂಬ 2.55 ಮೀಟರು ಇರಬೇಕು, ಉರುಟಾಗಿ ನುಣುಪಾಗಿರಬೇಕು. ಉರುಟು ನಾನು ಹುಟ್ಟುವಾಗಲೇ ಇದ್ದೆ. ನುಣುಪು ಮಾಡಿದ್ದು ನೆಟ್ಟು ಕಟ್ಟುವ ಹುಡುಗರ ಕೈ.

ಪ್ರಶ್ನೆ: ಕಂಬವಾದದ್ದು ಹೇಗೆ?

ಕಂಬಜ್ಜ: ಹಳದಿ ಎಲೆ ರೋಗ. ಕೇರಳದಲ್ಲಿ 1914ರಲ್ಲೇ ಕಂಡಿತ್ತಂತೆ, ನಿಧಾನಕ್ಕೆ ನಮ್ಮ ಸಂಪಾಜೆ, ಅರಂತೋಡಿನವರೆಗೆ ಬಂದು ಮುಟ್ಟಿತು. ಜಿಗಿಹುಳ ಹರಡುವ ರೋಗ, ಮದ್ದಿಲ್ಲ. ಎಲೆ ಹಳದಿಯಾಯಿತು, ಅಡಿಕೆ ಉದುರಿತು, ಯಜಮಾನರು ಒಂದು ವರ್ಷ ಕಾದರು, ಎರಡು ವರ್ಷ ಕಾದರು, ಮತ್ತೆ ರಬ್ಬರ್ ಇಟ್ಟರು. ನನ್ನ ಜತೆಯವರು ಕೆಲವರು ಸಲಾಕೆಯಾಗಿ ಚಪ್ಪರಕ್ಕೆ ಹೋದರು, ಕೆಲವರು ಗ್ಯಾಲರಿಗೆ. ನನ್ನದು ಯೋಗ, ಅಂಕಣದ ಪಕ್ಕದಲ್ಲೇ ಸೀಟು ಸಿಕ್ಕಿತು. ಟಿಕೆಟ್ ಇಲ್ಲ, ಪಾಸ್ ಇಲ್ಲ.

ಪ್ರಶ್ನೆ: ಯಾವ ಟೀಮಿನ ಅಭಿಮಾನಿ ನೀವು?

ಕಂಬಜ್ಜ: ಇದೆಂತ ಪ್ರಶ್ನೆ? ಊರಿನ ಟೀಮಿನದ್ದು. ಗೆಲ್ಲುವವರಿಗೆ ಅಭಿಮಾನಿ ಆಗಲಿಕ್ಕೆ ಕಷ್ಟ ಎಂತದ್ದು ಉಂಟು? ಲೀಗಿನ ಎರಡನೇ ಪಂದ್ಯಕ್ಕೇ ಹೊರಗೆ ಬೀಳುವವರಿಗೆ ವರ್ಷವಿಡೀ ಚಪ್ಪಾಳೆ ತಟ್ಟಬೇಕು, ಅದು ಅಭಿಮಾನ. ನಮ್ಮ ಲಿಫ್ಟರ್ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುವವ. ಸರ್ವಿಸ್ ಹಾಕುವವ ಜೀಪು ಓಡಿಸುವವ, ಅವನ ಸರ್ವಿಸೂ ಜೀಪಿನ ಹಾಗೆ, ಒಮ್ಮೆಗೇ ಸ್ಟಾರ್ಟ್ ಆಗುವುದಿಲ್ಲ. ಸ್ಮ್ಯಾಶರ್ ಅಡಿಕೆ ಕೊಯ್ಯುವವ. ತುದಿಯಲ್ಲಿ ನಿಂತು ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವವನಿಗೆ 2.43 ಮೀಟರಿನ ನೆಟ್ಟು ಯಾವ ಲೆಕ್ಕ? ಆದರೆ ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಅವ ಪ್ರಾಕ್ಟೀಸಿಗೆ ಸಿಗುವುದಿಲ್ಲ. ಒಮ್ಮೆ ಬೋರ್ಡೊ ದ್ರಾವಣ ಮೆತ್ತಿದ ನೀಲಿ ಅಂಗಿಯಲ್ಲೇ ಬಂದು ಆಡಿದ. ಎದುರು ಟೀಮಿನವರು ಅದನ್ನೇ ನಮ್ಮ ಜೆರ್ಸಿ ಅಂತ ತಿಳಿದು, ಎಲ್ಲಿ ಹೊಲಿಸಿದ್ದು ಅಂತ ಕೇಳಿದರು.

ಪ್ರಶ್ನೆ: ಆದರೂ ಕಳೆದ ಸೀಸನ್‌ನಲ್ಲಿ ನಿಮ್ಮೂರಿಗೆ ಪ್ರಥಮ ಬಹುಮಾನ ಬಂತಲ್ಲ?

ಕಂಬಜ್ಜ: ಆ ಸುದ್ದಿ ಎತ್ತಬೇಡಿ. ಊರಿನ ಹೆಸರು ಗೆದ್ದದ್ದು, ಊರಿನವರಲ್ಲ. ಆರು ಜನರಲ್ಲಿ ನಾಲ್ಕು ಗೆಸ್ಟು. ಒಬ್ಬ ಕಣ್ಣೂರಿನವ, ಒಬ್ಬ ಮಂಗಳೂರಿನ ಕಾಲೇಜಿನವ, ಇನ್ನಿಬ್ಬರು ಎಲ್ಲಿಯವರು ಅಂತ ಕಮಿಟಿಗೂ ಗೊತ್ತಿಲ್ಲ. ಮೈಕಿನವ ‘ನಮ್ಮೂರ ಹೆಮ್ಮೆಯ ಕುವರ’ ಅಂತ ಗಂಟಲು ಹರಿದುಕೊಂಡ, ಆ ಕುವರ ತಿರುಗಿ ಕೂಡ ನೋಡಲಿಲ್ಲ. ಯಾರ ಊರು, ಯಾರ ಹೆಮ್ಮೆ ಅಂತ ಅವನಿಗೆ ಗೊತ್ತಾಗಬೇಕಲ್ಲ! ನಮ್ಮ ರಬ್ಬರಿನ ಹುಡುಗ ಆ ರಾತ್ರಿ ಎಂತ ಮಾಡಿದ? ಬೆಂಚಿನಲ್ಲಿ ಕೂತು ಗೆಸ್ಟುಗಳ ಚೀಲ, ಚಪ್ಪಲಿ, ಮೊಬೈಲು ಕಾದ. ಸವ್ಯಸಾಚಿ ಪ್ರಶಸ್ತಿ ಅವನಿಗೇ ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ದೊಡ್ಡ ಲೀಗುಗಳೂ ಹಾಗೆಯೇ ಅಲ್ಲವೆ? ಊರಿನ ಹೆಸರು, ಹೊರಗಿನ ಆಟಗಾರರು.

ಕಂಬಜ್ಜ: ಅಲ್ಲಿಂದಲೇ ಇಲ್ಲಿಗೆ ಅಂಟಿದ್ದು ಅನ್ನುತ್ತೇನೆ ನಾನು. ನಮ್ಮ ಎಲೆರೋಗಕ್ಕೆ ಜಿಗಿಹುಳ ಬೇಕಾಯಿತು, ಈ ಗೆಸ್ಟ್ ರೋಗಕ್ಕೆ ಟಿವಿ ಸಾಕಾಯಿತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಾಗ ಸುಳ್ಯ ಪೇಟೆಯಲ್ಲಿಯೂ ‘ನಮ್ಮ ಬುಲ್ಸು’ ಅಂತ ಕುಣಿದವರಿದ್ದಾರೆ. ಫೈನಲಿನಲ್ಲಿ 22 ಪಾಯಿಂಟ್ ತಂದದ್ದು ಯಾರು? ಪವನ್ ಸೆಹ್ರಾವತ್, ದಿಲ್ಲಿಯ ಹುಡುಗ. ಇರಲಿ, ಚಂದ ಆಡಿದ. ಇನ್ನೊಂದು ಕೇಳಿ. 2022ರ ಫೆಬ್ರವರಿಯ ಫೈನಲಿನಲ್ಲಿ ಪಟ್ನಾ ಪೈರೇಟ್ಸಿನ ಕ್ಯಾಪ್ಟನ್ ಯಾರು? ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ. ಎದುರಿಗೆ ದಬಾಂಗ್ ದಿಲ್ಲಿ. ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ. 36-37, ಒಂದೇ ಪಾಯಿಂಟು. ಅಂದರೆ ಪುತ್ತೂರಿನ ಹುಡುಗ ಬೆಂಗಳೂರಿನಲ್ಲಿ ಪಟ್ನಾಕ್ಕೆ ಆಡಿ ದಿಲ್ಲಿಗೆ ಸೋತ! ಆ ರಾತ್ರಿ ನಾನು ಬಿಹಾರಿಯಾಗಿದ್ದೆ, ನಾಚಿಕೆ ಇಲ್ಲದೆ ಹೇಳುತ್ತೇನೆ. ಟೀಮು ಯಾವುದೇ ಇರಲಿ, ರೈಡಿಗೆ ಹೋದವ ನಮ್ಮವ.

ಪ್ರಶ್ನೆ: ಹಾಗಾದರೆ ಆರ್‌ಸಿಬಿ?

ಕಂಬಜ್ಜ: ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಅಂದವರನ್ನು ನಾನು ಗೇಲಿ ಮಾಡುವುದಿಲ್ಲ, ನನ್ನದೂ ಅದೇ ಜಾತಿ. 2025ರ ಜೂನ್ 3ರ ರಾತ್ರಿ ಕಪ್ಪು ಬಂತು, ನಮ್ಮ ಕಡೆ ಮಳೆಯಲ್ಲೂ ಪಟಾಕಿ ಹೊಡೆದರು. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು. ಅದರ ಬಗ್ಗೆ ತಮಾಷೆ ಮಾಡಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅಪಾಯ ದೊಡ್ಡ ಸ್ಟೇಡಿಯಮ್ಮಿನಲ್ಲಿ ಮಾತ್ರ ಅಲ್ಲ. 2022ರ ಮಾರ್ಚಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಸೆವೆನ್ಸ್ ಫುಟ್‌ಬಾಲಿನ ಗ್ಯಾಲರಿ ಕುಸಿದು ಬಿತ್ತಲ್ಲ, ನೂರಾರು ಜನಕ್ಕೆ ಪೆಟ್ಟಾಯಿತು. ಇಲ್ಲಿ ಗ್ಯಾಲರಿಯಾಗಿರುವುದು ನನ್ನ ಬಂಧುಗಳು, ಹಾಗಾಗಿ ಹೇಳುತ್ತೇನೆ. ಅಡಿಕೆ ಮರ ಹೊರಗೆ ಗಟ್ಟಿ, ಒಳಗೆ ಬೆಂಡು, ಒಂದು ಮಳೆಗಾಲ ಕಳೆದರೆ ನಂಬಬಾರದು. ನಮ್ಮ ಕಮಿಟಿಯವರು ಹೋದ ವರ್ಷದ ದಬ್ಬೆಗೇ ಹೊಸ ಹಗ್ಗ ಕಟ್ಟಿ ‘ಸುಸಜ್ಜಿತ ಗ್ಯಾಲರಿ’ ಅಂತ ಬ್ಯಾನರ್ ಹಾಕುತ್ತಾರೆ. ಬ್ಯಾನರ್ ಮಾತ್ರ ಹೊಸತು.

ಪ್ರಶ್ನೆ: ಕಡಬ ಹೊಸ ತಾಲೂಕಾದ ಮೇಲೆ ಅಭಿಮಾನಿಗಳ ಪರಿಸ್ಥಿತಿ?

ಕಂಬಜ್ಜ: ಕೇಳಬೇಡಿ ಆ ಸಂಕಟ. ಸುಬ್ರಹ್ಮಣ್ಯದ ಹುಡುಗರು ನಿನ್ನೆ ತನಕ ಸುಳ್ಯ ತಾಲೂಕು, ನಮ್ಮವರು. ಬೆಳಿಗ್ಗೆ ಎದ್ದು ನೋಡಿದರೆ ಕಡಬದವರು, ಎದುರಾಳಿಗಳು. ನಿನ್ನೆ ಯಾರ ಸ್ಮ್ಯಾಶಿಗೆ ಶಿಳ್ಳೆ ಹೊಡೆದೆನೋ ಇವತ್ತು ಅವನಿಗೇ ಬೈಯಬೇಕು. ಆರ್‌ಟಿಸಿಯಲ್ಲಿ ತಾಲೂಕಿನ ಹೆಸರು ತಿದ್ದಿಕೊಟ್ಟರು, ಸರಿ. ಅಭಿಮಾನ ತಿದ್ದಲಿಕ್ಕೆ ಯಾವ ನಾಡಕಚೇರಿಗೆ ಅರ್ಜಿ ಹಾಕುವುದು? ಪುತ್ತೂರಿನವರಿಗೆ ಈ ತಲೆಬಿಸಿ ಇಲ್ಲ. ಕಡಬದ ಹೆಚ್ಚಿನ ಭಾಗ ನಮ್ಮಿಂದಲೇ ಹೋದದ್ದು ಅಂತ ಈಗಲೂ ದೊಡ್ಡಣ್ಣನ ಠೀವಿ. ಅವರಿಗೆ ಕಿಲ್ಲೆ ಮೈದಾನ ಉಂಟಲ್ಲ! ಸೋಮವಾರ ಸಂತೆಗೆ ಬದನೆ, ಅಲಸಂಡೆ ರಾಶಿ ಹಾಕಿದ ಜಾಗದಲ್ಲಿ ಭಾನುವಾರ ಕಬಡ್ಡಿ. ಸಂತೆಯಲ್ಲಿಯೂ ಚರ್ಚೆ, ಪಂದ್ಯದಲ್ಲಿಯೂ ಚರ್ಚೆ. ಅಂಪಾಯರನ ಹತ್ತಿರ ಮಾತ್ರ ರೇಟು ಇಳಿಯುವುದಿಲ್ಲ.

ಪ್ರಶ್ನೆ: ಫುಟ್‌ಬಾಲ್, ಹಾಕಿ ಇಲ್ಲಿ ಯಾಕೆ ಹಿಡಿಯಲಿಲ್ಲ?

ಕಂಬಜ್ಜ: ನಾವು ಅವೆರಡರ ಬೇಲಿಯಲ್ಲಿ ಕೂತವರು. ಸಂಪಾಜೆ ಘಾಟಿ ಹತ್ತಿದರೆ ಹಾಕಿ, ಜಾಲ್ಸೂರಿನಿಂದ ಕಾಸರಗೋಡು ರಸ್ತೆಗೆ ತಿರುಗಿದರೆ ಫುಟ್‌ಬಾಲು. ನಮ್ಮದು ಗುಡ್ಡೆ ಊರು, ಫುಟ್‌ಬಾಲಿಗೆ ಬೇಕಾದಷ್ಟು ಸಮತಟ್ಟು ಜಾಗ ಸಿಕ್ಕಿದರೆ ಯಾರಾದರೂ ಅಡಿಕೆ ಗಿಡ ಇಡುತ್ತಾರೆ. 18 ಮೀಟರು ಉದ್ದ, 9 ಮೀಟರು ಅಗಲ ಅಂದರೆ ಅಡಿಕೆ ಒಣಗಿಸುವ ಅಂಗಳ, ಅಷ್ಟರಲ್ಲಿ ವಾಲಿಬಾಲ್ ಆಯಿತು. ಕಬಡ್ಡಿಗೆ ಅದೂ ಬೇಡ. ಆದರೆ ವಿಶ್ವಕಪ್ಪು ಬಂದಾಗ ನೋಡಬೇಕು, ಚೆಂಡಿಗೆ ಕಾಲು ತಾಗಿಸದವರೂ ಅರ್ಜೆಂಟೀನಾ, ಬ್ರೆಜಿಲ್ ಅಂತ ಅಣ್ಣತಮ್ಮಂದಿರೇ ಪಾಲು ಮಾಡಿಕೊಳ್ಳುತ್ತಾರೆ. 2022ರ ಡಿಸೆಂಬರಿನಲ್ಲಿ ಮೆಸ್ಸಿ ಕಪ್ಪೆತ್ತಿದಾಗ ನನ್ನ ತಲೆಗೆ ನೀಲಿ ಬಿಳಿ ಬಾವುಟ ಕಟ್ಟಿದರು. ಅದು ಬಣ್ಣ ಹೋಗಿ ಹರಿಯುವವರೆಗೆ ಯಾರೂ ಬಿಚ್ಚಲಿಲ್ಲ.

ನನಗೆ ಅಸೂಯೆ ಇರುವುದು ಕೊಡಗಿನವರ ಮೇಲೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅಂತ ಒಬ್ಬರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಹಾಕಿ ಹಬ್ಬ ಶುರು ಮಾಡಿದರು. 2024ರಲ್ಲಿ ನಾಪೋಕ್ಲಿನಲ್ಲಿ 360 ಟೀಮು, ಗಿನ್ನೆಸ್ ದಾಖಲೆ! ಅಜ್ಜ, ಮೊಮ್ಮಗಳು, ದೊಡ್ಡಪ್ಪ ಒಂದೇ ಟೀಮಿನಲ್ಲಿ. ಮನೆತನದ ಹೆಸರೇ ಟೀಮಿನ ಹೆಸರು, ಗೆಸ್ಟ್ ಆಟಗಾರ ಬೇಕಾದರೆ ಸಂಬಂಧ ಕುದುರಿಸಿ ಮದುವೆ ಮಾಡಿಸಬೇಕು. ಇಲ್ಲಿ ಹಾಗೊಂದು ಮಾಡುವ ಅಂತ ಕಮಿಟಿಯಲ್ಲಿ ಮಾತು ಬಂದಿತ್ತು. ಯಾವ ಕುಟುಂಬದ ಹೆಸರು ಮೊದಲು ಹಾಕುವುದು ಅಂತ ಚರ್ಚೆಯಾಗಿ ಮೀಟಿಂಗ್ ಬರಖಾಸ್ತಾಯಿತು.

ಪ್ರಶ್ನೆ: ಪಂದ್ಯಾಟದ ಸಭಾ ಕಾರ್ಯಕ್ರಮದ ಬಗ್ಗೆ?

ಕಂಬಜ್ಜ: ಪಂದ್ಯಾಟದ ನಡುವೆ ಸಭೆಯೋ, ಸಭೆಯ ನಡುವೆ ಪಂದ್ಯಾಟವೋ? ಸಂಜೆ ಆರಕ್ಕೆ ಅಂತ ಆಮಂತ್ರಣದಲ್ಲಿ ಇರುತ್ತದೆ. ಉದ್ಘಾಟಕರು ಮೂರು ಮದುವೆ, ಒಂದು ಗೃಹಪ್ರವೇಶ ಮುಗಿಸಿ ಬರುವಾಗ ರಾತ್ರಿ ಹತ್ತು. ಫ್ಲೆಕ್ಸಿನಲ್ಲಿ ನಲುವತ್ತು ಮುಖ ಉಂಟು, ನಾನು ಎಷ್ಟು ಹುಡುಕಿದರೂ ಒಬ್ಬ ಆಟಗಾರನ ಮುಖ ಸಿಗಲಿಲ್ಲ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ‘ಎರಡೇ ಮಾತು’ ಅಂತ ಶುರು ಮಾಡಿದವರು ಕಬಡ್ಡಿಯ ಹುಟ್ಟಿನಿಂದ ಹಿಡಿದು ಕೇಂದ್ರ ಬಜೆಟ್ಟಿನ ತನಕ ಹೋಗುತ್ತಾರೆ. ರೈಡರನಿಗೆ ಮೂವತ್ತು ಸೆಕೆಂಡು ಕೊಟ್ಟವರು ಭಾಷಣದವರಿಗೆ ಯಾಕೆ ಕೊಡುವುದಿಲ್ಲ? ಉಸಿರು ಬಿಟ್ಟರೆ ಔಟು ಅಂತ ರೂಲು ಮಾಡಿ ನೋಡುವ!

ಅಷ್ಟರಲ್ಲಿ ಹುಡುಗರ ಮೈ ತಣ್ಣಗಾಗಿರುತ್ತದೆ. ಸೆಮಿಫೈನಲು ರಾತ್ರಿ ಎರಡಕ್ಕೆ, ಫೈನಲು ಕೋಳಿ ಕೂಗುವಾಗ. ಬಹುಮಾನ ಕೊಡಲಿಕ್ಕೆ ವೇದಿಕೆಯಲ್ಲಿ ಉಳಿದವರು ಇಬ್ಬರು, ಅಧ್ಯಕ್ಷರು ಮತ್ತು ಶಾಮಿಯಾನದವ. ಶಾಮಿಯಾನದವ ಇರುವುದು ಅವನ ಕುರ್ಚಿ ಲೆಕ್ಕಕ್ಕೆ.

ಪ್ರಶ್ನೆ: ಒಳ್ಳೆಯದು ಏನೂ ಕಾಣಲಿಲ್ಲವಾ?

ಕಂಬಜ್ಜ: ಉಂಟು, ಯಾಕಿಲ್ಲ? ಯಾರದ್ದೋ ಮಗುವಿನ ಆಪರೇಷನಿಗೆ ಅಂತ ಇದೇ ಅಂಕಣದಲ್ಲಿ ಪಂದ್ಯಾಟ ಮಾಡಿ ದುಡ್ಡು ಒಟ್ಟು ಮಾಡಿದ್ದಾರೆ. ಆ ದಿನ ಮಾತ್ರ ಭಾಷಣ ಚಿಕ್ಕದಿತ್ತು. ಗೆದ್ದ ಟೀಮು ನಗದನ್ನು ಅಲ್ಲಿಯೇ ಡಬ್ಬಿಗೆ ಹಾಕಿ ಹೋಯಿತು, ಅದರಲ್ಲಿ ಗೆಸ್ಟುಗಳೂ ಇದ್ದರು. ಆ ರಾತ್ರಿ ನಾನು ಗೆಸ್ಟುಗಳಿಗೂ ಶಿಳ್ಳೆ ಹೊಡೆದೆ.

ಮತ್ತೆ ಹುಡುಗಿಯರು. ಶಾಲೆಯ ಟೀಮಿನ ಮಕ್ಕಳು ಸಂಜೆ ಬಂದು ನೆಟ್ಟನ್ನು 2.24ಕ್ಕೆ ಇಳಿಸಿ ಆಡುತ್ತಾರೆ. ಅವರ ಡಿಫೆನ್ಸ್ ನೋಡಿದ ಮೇಲೆ ಗಂಡಸರದ್ದು ನೋಡಲಿಕ್ಕೆ ಮನಸ್ಸಾಗುವುದಿಲ್ಲ. ಆದರೆ ಹತ್ತನೆಯ ಕ್ಲಾಸು ಕಳೆದ ಮೇಲೆ ಹೆಚ್ಚಿನವರು ಈ ಕಡೆ ಕಾಣುವುದೇ ಇಲ್ಲ. 2012ರಲ್ಲಿ ಪಟ್ನಾದಲ್ಲಿ ಮಹಿಳೆಯರ ಮೊದಲ ಕಬಡ್ಡಿ ವಿಶ್ವಕಪ್ಪು ಗೆದ್ದ ಭಾರತ ತಂಡದ ಕ್ಯಾಪ್ಟನ್ ಕಾರ್ಕಳ ಕಡೆಯ ಮಮತಾ ಪೂಜಾರಿ. ಅವರ ಹೆಸರನ್ನು ನಮ್ಮ ವೇದಿಕೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿ ಕೆಳಗಿಳಿದು, ಹೆಣ್ಣುಮಕ್ಕಳ ಪಂದ್ಯವನ್ನು ‘ಪ್ರದರ್ಶನ ಪಂದ್ಯ’ ಅಂತ ಒಂದೇ ಒಂದು ಆಡಿಸುತ್ತಾರೆ, ಅದೂ ಸಭೆಗೆ ಜನ ಸೇರಲಿ ಅಂತ.

ಪ್ರಶ್ನೆ: ಮುಂದಿನ ವರ್ಷ ಕಬ್ಬಿಣದ ಕಂಬ ತರುತ್ತಾರಂತೆ. ಬೇಸರವಾ?

ಕಂಬಜ್ಜ: ತರಲಿ, ಒಳ್ಳೆಯದೇ. ದಾನಿಗಳ ಹೆಸರು ಬರೆಯಲಿಕ್ಕೆ ನನ್ನ ಮೈಯಲ್ಲಿ ಜಾಗ ಸಾಲುವುದಿಲ್ಲ ಅಂತ ಅವರಿಗೆ ಮೊದಲಿಂದಲೂ ಬೇಸರ ಇತ್ತು. ನನ್ನನ್ನು ಕಿತ್ತರೆ ನೀರು ಕಾಯಿಸುವ ಒಲೆಗೆ ಹಾಕಬೇಡಿ, ಗ್ಯಾಲರಿಗಂತೂ ಹಾಕಲೇ ಬೇಡಿ, ಬೆನ್ನು ಬಿದ್ದುಹೋಗಿದೆ. ಅಂಕಣದ ಬದಿಯಲ್ಲಿ ಅಡ್ಡ ಮಲಗಿಸಿ. ಬದಲಿ ಆಟಗಾರರು ಕೂತುಕೊಳ್ಳಲಿ.

ಪ್ರಶ್ನೆ: ಓದುಗರಿಗೆ ಏನಾದರೂ?

ಕಂಬಜ್ಜ: ಬರುವ ಶನಿವಾರ ನಮ್ಮಲ್ಲಿ ಪಂದ್ಯಾಟ ಉಂಟು, ಗ್ರಾಮ ಮಟ್ಟದ್ದು, ಗೆಸ್ಟ್ ಇಲ್ಲ. ನಾನೇ ಹಟ ಹಿಡಿದು ಮಾಡಿಸಿದ್ದು, ಇಲ್ಲದಿದ್ದರೆ ವಾಲಿ ಬೀಳುತ್ತೇನೆ ಅಂತ ಹೆದರಿಸಿದೆ. ಪ್ರವೇಶ ಶುಲ್ಕ ನೂರು, ಬಹುಮಾನ ಒಂದು ಬಾಳೆಗೊನೆ. ಕಾರು ರಸ್ತೆಗೆ ಅಡ್ಡ ಇಡಬೇಡಿ, ಚೆಂಡು ತೋಡಿಗೆ ಬಿದ್ದರೆ ಹೆಕ್ಕಿ ಕೊಡಿ. ಮತ್ತೆ, ನಮ್ಮ ಟೀಮು ಮೊದಲ ಪಂದ್ಯಕ್ಕೇ ಸೋತರೂ ಫೈನಲ್ ಮುಗಿಯುವ ತನಕ ಕೂತುಕೊಳ್ಳಿ. ನೆಟ್ಟು ಬಿಚ್ಚಲಿಕ್ಕೆ ಜನ ಬೇಕು.